ಅಣುವನ್ನು ತಿರುಗಿಸಿ ನೋಡುವ ಕನ್ನಡ

2020ರ ಮೇ 7ರ ನಸುಕಿನಲ್ಲಿ, ವಿಶಾಖಪಟ್ಟಣದ ಗೋಪಾಲಪಟ್ನಂಗೆ ಹತ್ತಿರದ ಆರ್. ಆರ್. ವೆಂಕಟಾಪುರಂನಲ್ಲಿ, ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಸಂಗ್ರಹ ತೊಟ್ಟಿಯೊಂದರಿಂದ ಆವಿ ಹೊರಬಿದ್ದು ಸುತ್ತಲಿನ ಮನೆಗಳನ್ನು ಆವರಿಸಿತು. 12 ಜನ ತೀರಿಕೊಂಡರು. ನೂರಾರು ಜನ ಆಸ್ಪತ್ರೆ ಸೇರಿದರು, ದನಕರುಗಳೂ ಸತ್ತವು. ಲಾಕ್‌ಡೌನ್‌ನಿಂದ ಸ್ತಬ್ಧವಾಗಿದ್ದ ಊರಿಗೆ ಬೆಳಗಾಗುವಷ್ಟರಲ್ಲಿ ಒಂದು ಹೊಸ ಪದ ಬಂದು ಸೇರಿತ್ತು: ಸ್ಟೈರೀನ್.

ಆ ದಿನ ಇಲ್ಲಿನ ಕನ್ನಡ ಕುಟುಂಬಗಳಿಗೆ ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಫೋನುಗಳು ಬಂದವು. ‘ಅದೆಂಥ ಅನಿಲವಂತೆ?’ ಎಂಬ ಪ್ರಶ್ನೆಗೆ ನಮ್ಮಲ್ಲಿ ಬಹುಪಾಲು ಜನರ ಬಳಿ ಇದ್ದ ಉತ್ತರ ಹೆಸರು ಮಾತ್ರ. ತೆಲುಗು ವಾಹಿನಿಗಳು ಅದನ್ನು ವಿಷವಾಯು ಎಂದವು, ನಾವೂ ಅದನ್ನೇ ಕನ್ನಡದಲ್ಲಿ ಹೇಳಿದೆವು. ಇಂಟರ್‌ನಲ್ಲಿ ಸಾವಯವ ರಸಾಯನಶಾಸ್ತ್ರ ಓದಿದ ಮಕ್ಕಳು ಒಂದು ಷಟ್ಕೋನ ಬರೆದು ಅದಕ್ಕೊಂದು ಬಾಲ ಸೇರಿಸಿ ತೋರಿಸಬಲ್ಲವರಾಗಿದ್ದರು. ಆದರೆ ಆ ಷಟ್ಕೋನವೂ ಪರೀಕ್ಷೆಗಾಗಿ ಕಂಠಸ್ಥವಾದ ಇನ್ನೊಂದು ಹೆಸರೇ. ಅದರ ಮೂಲೆಗಳಲ್ಲಿ ಏನಿದೆ, ಬಾಲದ ತುದಿಯಲ್ಲಿ ಎರಡು ಗೆರೆ ಏಕಿದೆ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹೆಸರಿಗೂ ತಿಳಿವಿಗೂ ನಡುವಿನ ಈ ದೂರವನ್ನು ಕುರಿತೇ ಈ ಬರಹ. ಅದನ್ನು ಒಂದಿಷ್ಟಾದರೂ ಕಡಿಮೆ ಮಾಡುವ ಸಣ್ಣ ಸಾಧನವೊಂದು ನಮ್ಮ ಕೈಗೆಟುಕುವಂತಿದೆ: ಅಣುವೊಂದನ್ನು ಪರದೆಯ ಮೇಲೆ ಚಿತ್ರಿಸಿ, ಬೆರಳಿನಿಂದ ಎಳೆದು, ಎಲ್ಲ ಕಡೆಯಿಂದ ತಿರುಗಿಸಿ ನೋಡಲು ಅನುವು ಮಾಡಿಕೊಡುವ ಕಿರುಪ್ರೋಗ್ರಾಮು. ಇಂಥ ಅಣುದರ್ಶಕಗಳು ಸಿದ್ಧರೂಪದಲ್ಲಿ ಬೇಕಾದಷ್ಟಿವೆ. ಆದರೂ ಹೊರನಾಡಿನ ಪ್ರತಿಯೊಂದು ಕನ್ನಡ ಬಳಗದ ಮಕ್ಕಳು ಅಂಥದೊಂದನ್ನು ತಾವೇ ಬರೆಯಬೇಕು, ಅದರ ಮೇಲಿನ ಹೆಸರುಗಳು ಕನ್ನಡದಲ್ಲಿರಬೇಕು ಎಂಬುದು ನಮ್ಮ ಅಭಿಪ್ರಾಯ. ಸಿದ್ಧ ಚಿತ್ರವನ್ನು ನೋಡುವವರಿಗೆ ಅಣು ಹಾಗೆಯೇ ಇದೆ ಎನಿಸುತ್ತದೆ. ಚಿತ್ರವನ್ನು ಬರೆದವರಿಗಾದರೋ ಅದರ ಒಂದೊಂದು ಗೆರೆಯೂ ಯಾರೋ ಕೈಗೊಂಡ ನಿರ್ಧಾರವೆಂದು ಗೊತ್ತಿರುತ್ತದೆ. ಈ ಎರಡನೆಯ ಬಗೆಯ ಅರಿವು ಪ್ರಶ್ನೆ ಕೇಳುವುದನ್ನು ಕಲಿಸುತ್ತದೆ.

ಮೊದಲು ಸಾಧನದ ಸ್ವರೂಪವನ್ನು ನೋಡೋಣ. ಅಣುವೆಂದರೆ ಪ್ರೋಗ್ರಾಮಿನ ಮಟ್ಟಿಗೆ ಒಂದು ಪಟ್ಟಿ. ಪ್ರತಿ ಸಾಲಿನಲ್ಲಿ ಒಂದು ಪರಮಾಣುವಿನ ಹೆಸರು, ಅದರ ಮುಂದೆ ಮೂರು ಅಂಕಿಗಳು: ಅಡ್ಡಕ್ಕೆ ಎಷ್ಟು ದೂರ, ಲಂಬಕ್ಕೆ ಎಷ್ಟು, ನೋಡುವವರ ಕಡೆಗೆ ಎಷ್ಟು. ಅಳತೆ ಆಂಗ್‌ಸ್ಟ್ರಾಮ್‌ಗಳಲ್ಲಿ, ಅಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ನೀರಿನ ಅಣುವಿಗೆ ಮೂರೇ ಸಾಲು ಸಾಕು. ಆಮ್ಲಜನಕವನ್ನು ಸೊನ್ನೆ, ಸೊನ್ನೆ, ಸೊನ್ನೆಯಲ್ಲಿ ಇಡೋಣ. ಮೊದಲನೆಯ ಜಲಜನಕ 0.96, 0, 0ಯಲ್ಲಿ. ಎರಡು ಬಂಧಗಳ ನಡುವಿನ ಕೋನ 104.5 ಡಿಗ್ರಿಯಾದ್ದರಿಂದ ಎರಡನೆಯ ಜಲಜನಕ -0.24, 0.93, 0ಯಲ್ಲಿ. ಪಟ್ಟಿ ಮುಗಿಯಿತು.

ಈ ಪಟ್ಟಿಯನ್ನು ಚಿತ್ರವಾಗಿಸಲು ವೆಕ್ಟರ್ ಗ್ರಾಫಿಕ್ಸ್ ಬಹಳ ಒಪ್ಪುತ್ತದೆ. ನಾವು ಮೊಬೈಲಿನಲ್ಲಿ ತೆಗೆಯುವ ಫೋಟೊ ಲಕ್ಷಾಂತರ ಬಣ್ಣದ ಚುಕ್ಕೆಗಳ ರಾಶಿ; ಹಿಗ್ಗಿಸಿದರೆ ಮಸುಕಾಗುತ್ತದೆ. ವೆಕ್ಟರ್ ಚಿತ್ರವಾದರೋ ವಾಕ್ಯಗಳ ರೂಪದಲ್ಲಿರುತ್ತದೆ: ‘ಇಲ್ಲಿ ಕೇಂದ್ರವಿರುವ, ಇಷ್ಟು ತ್ರಿಜ್ಯದ, ಈ ಬಣ್ಣದ ವೃತ್ತ ಬರೆ’, ‘ಇಲ್ಲಿಂದ ಅಲ್ಲಿಗೆ ಇಷ್ಟು ದಪ್ಪದ ಗೆರೆ ಎಳೆ’, ‘ಇಲ್ಲಿ ಈ ಅಕ್ಷರಗಳನ್ನು ಇಡು’. ಎಷ್ಟು ಹಿಗ್ಗಿಸಿದರೂ ಅಂಚು ಕೆಡುವುದಿಲ್ಲ. ಜಾಲತಾಣಗಳಲ್ಲಿ ಇದಕ್ಕಾಗಿ ಬಳಸುವ ಎಸ್‌ವಿಜಿ ಎಂಬ ಬರವಣಿಗೆಯ ಕ್ರಮವನ್ನು ಡಬ್ಲ್ಯೂ3ಸಿ ಸಂಸ್ಥೆ 2001ರ ಸೆಪ್ಟೆಂಬರಿನಲ್ಲಿ ಶಿಫಾರಸಾಗಿ ಪ್ರಕಟಿಸಿತು. ಇಂದು ಎಲ್ಲ ಬ್ರೌಸರ್‌ಗಳೂ ಅದನ್ನು ಓದುತ್ತವೆ. ಇಂಥ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಚಿತ್ರದ ಬದಲು ಅದರ ಬರಹ ಕಾಣುತ್ತದೆ. ಪದ್ಯವನ್ನು ಓದುವಂತೆ ಚಿತ್ರವನ್ನೂ ಸಾಲುಸಾಲಾಗಿ ಓದಬಹುದೆಂಬುದು ಸಾಹಿತ್ಯದ ಬಳಗಕ್ಕೆ ಹಿಡಿಸಬೇಕಾದ ಸಂಗತಿ.

ಒಂದು ಆಂಗ್‌ಸ್ಟ್ರಾಮಿಗೆ 100 ಪಿಕ್ಸೆಲ್ ಎಂದು ಇಟ್ಟುಕೊಂಡರೆ ನೀರಿನ ಅಣು ಪರದೆಯ ಮೇಲೆ ಅಂಗೈಯಗಲ ಕಾಣಿಸುತ್ತದೆ. ಮೂರು ವೃತ್ತ, ಎರಡು ಗೆರೆ. ಒಂದು ಎಚ್ಚರಿಕೆ ಬೇಕು: ಗಣಿತದ ಪುಸ್ತಕದಲ್ಲಿ ಲಂಬದ ಅಂಕಿ ಮೇಲಕ್ಕೆ ಬೆಳೆದರೆ ಪರದೆಯಲ್ಲಿ ಕೆಳಕ್ಕೆ ಬೆಳೆಯುತ್ತದೆ. ಚಿಹ್ನೆ ಬದಲಿಸದಿದ್ದರೆ ಅಣು ತಲೆಕೆಳಗಾಗಿ ಬರುತ್ತದೆ.

ಇನ್ನು ತಿರುಗಿಸುವುದು. ಪರದೆ ಚಪ್ಪಟೆ, ಅಣುವಿಗೆ ಆಳವಿದೆ. ಬೆರಳನ್ನು ಅಡ್ಡಕ್ಕೆ ಎಳೆದಾಗ ಅಣು ಬುಗುರಿಯಂತೆ ತನ್ನ ನೆಟ್ಟಗಿನ ಅಕ್ಷದ ಸುತ್ತ ತಿರುಗಬೇಕು. ಆಗ ಎತ್ತರದ ಅಂಕಿ ಬದಲಾಗುವುದಿಲ್ಲ. ಅಡ್ಡ ಮತ್ತು ಆಳದ ಅಂಕಿಗಳು ಮಾತ್ರ ಬದಲಾಗುತ್ತವೆ. ಹೊಸ ಅಡ್ಡ ಎಂದರೆ ಹಳೆಯ ಅಡ್ಡವನ್ನು ಕೋನದ ಕೊಸೈನಿನಿಂದಲೂ ಹಳೆಯ ಆಳವನ್ನು ಸೈನಿನಿಂದಲೂ ಗುಣಿಸಿ ಕೂಡಿದ್ದು. ಹೊಸ ಆಳ ಎಂದರೆ ಹಳೆಯ ಆಳ ಮತ್ತು ಕೊಸೈನಿನ ಗುಣಲಬ್ಧದಿಂದ ಹಳೆಯ ಅಡ್ಡ ಮತ್ತು ಸೈನಿನ ಗುಣಲಬ್ಧವನ್ನು ಕಳೆದದ್ದು. ನೀರಿನ ಮೊದಲ ಜಲಜನಕವನ್ನು 30 ಡಿಗ್ರಿ ತಿರುಗಿಸಿ ನೋಡಿ. ಅಡ್ಡದ 0.96 ಈಗ 0.83 ಆಗುತ್ತದೆ, ಆಳ 0ಯಿಂದ -0.48ಕ್ಕೆ ಇಳಿಯುತ್ತದೆ. ಅಂದರೆ ಅದು ನಮ್ಮಿಂದ ಹಿಂದಕ್ಕೆ ಸರಿಯಿತು. 90 ಡಿಗ್ರಿ ತಿರುಗಿಸಿದರೆ ಅಡ್ಡ 0, ಆಳ -0.96, ಜಲಜನಕ ಆಮ್ಲಜನಕದ ಬೆನ್ನ ಹಿಂದೆ ಸರಿಯಾಗಿ ಮರೆಯಾಗುತ್ತದೆ. ಹತ್ತನೆಯ ತರಗತಿಯಲ್ಲಿ ಗೋಪುರದ ಎತ್ತರ ಕಂಡುಹಿಡಿಯಲು ಮಾತ್ರ ಬಳಕೆಯಾದ ತ್ರಿಕೋನಮಿತಿ ಇಲ್ಲಿ ಬೆರಳ ತುದಿಯಲ್ಲಿ ಕೆಲಸ ಮಾಡುತ್ತದೆ.

ಮರೆಯಾಗಬೇಕಾದದ್ದು ಮರೆಯಾಗಲು ಇನ್ನೊಂದು ಹೆಜ್ಜೆ ಅಗತ್ಯ. ವೆಕ್ಟರ್ ಚಿತ್ರಕ್ಕೆ ಆಳವೆಂಬುದು ತಿಳಿಯದು. ಬರಹದಲ್ಲಿ ಹಿಂದೆ ಬಂದ ವೃತ್ತದ ಮೇಲೆ ಮುಂದೆ ಬಂದ ವೃತ್ತವನ್ನು ಅದು ಸುಮ್ಮನೆ ಬಳಿಯುತ್ತದೆ. ಆದ್ದರಿಂದ ಪ್ರತಿ ಸಲ ತಿರುಗಿಸಿದಾಗಲೂ ಪರಮಾಣುಗಳನ್ನು ಆಳದ ಪ್ರಕಾರ ಸಾಲುಹಚ್ಚಿ, ದೂರದವನ್ನು ಮೊದಲು, ಹತ್ತಿರದವನ್ನು ಕೊನೆಗೆ ಬರೆಯಬೇಕು. ನಿಸರ್ಗಚಿತ್ರ ಬರೆಯುವವರು ಮೊದಲು ಬೆಟ್ಟ, ಆಮೇಲೆ ಮರ, ಕೊನೆಗೆ ಅಂಗಳದ ತುಳಸಿಕಟ್ಟೆ ಬರೆಯುವ ಕ್ರಮವೇ ಇದು. ಸಾಲುಹಚ್ಚುವುದನ್ನು ಬಿಟ್ಟರೆ ಹಿಂದಿನ ಪರಮಾಣು ಮುಂದಿನದರ ಮೇಲೆ ಕುಳಿತು, ಅಣು ಒಳಗಿನಿಂದ ಹೊರಗೆ ಮಗುಚಿದಂತೆ ಕಾಣುತ್ತದೆ. ಎಲ್ಲೋ ತಪ್ಪಿದೆ ಎಂದು ಕಣ್ಣು ತಕ್ಷಣ ಹೇಳುತ್ತದೆ. ತಪ್ಪನ್ನು ಗುರುತಿಸಲು ಉತ್ತರಪತ್ರಿಕೆ ತಿದ್ದುವವರಿಗಾಗಿ ಕಾಯಬೇಕಿಲ್ಲ ಎಂಬುದು ಈ ಕೆಲಸದ ದೊಡ್ಡ ಗುಣ.

ಇಷ್ಟಾದ ಮೇಲೆ ಬರುವುದು ನಿರ್ಧಾರಗಳ ಪ್ರಶ್ನೆ. ಪಟ್ಟಿಯಲ್ಲಿ ಪರಮಾಣುಗಳ ಸ್ಥಾನಗಳಿವೆ, ಬಂಧಗಳಿಲ್ಲ. ಹಾಗಾದರೆ ಗೆರೆಗಳನ್ನು ಎಲ್ಲಿ ಎಳೆಯಬೇಕು? ರೂಢಿಯ ಉಪಾಯ ಹೀಗಿದೆ: ಪ್ರತಿ ಧಾತುವಿಗೂ ಒಂದು ಬಂಧತ್ರಿಜ್ಯವಿದೆ. ಜಲಜನಕಕ್ಕೆ 0.31, ಇಂಗಾಲಕ್ಕೆ 0.76, ಆಮ್ಲಜನಕಕ್ಕೆ 0.66. ಎರಡು ಪರಮಾಣುಗಳ ನಡುವಿನ ದೂರ ಅವುಗಳ ತ್ರಿಜ್ಯಗಳ ಮೊತ್ತಕ್ಕಿಂತ 0.4ರಷ್ಟು ಹೆಚ್ಚಿನ ಮಿತಿಯೊಳಗಿದ್ದರೆ ಗೆರೆ ಎಳೆ, ಇಲ್ಲದಿದ್ದರೆ ಬಿಡು. ನೀರಿನಲ್ಲಿ ಈ ಮಿತಿ 1.37, ನಿಜವಾದ ದೂರ 0.96. ಗೆರೆ ಬೀಳುತ್ತದೆ. ಈಗ ಮಂಜುಗಡ್ಡೆಯಲ್ಲಿ ಒಂದರ ಪಕ್ಕ ಒಂದಿರುವ ಎರಡು ನೀರಿನ ಅಣುಗಳನ್ನು ಇಡಿ. ಒಂದರ ಜಲಜನಕಕ್ಕೂ ಇನ್ನೊಂದರ ಆಮ್ಲಜನಕಕ್ಕೂ ಸುಮಾರು 1.8 ಆಂಗ್‌ಸ್ಟ್ರಾಮ್ ಅಂತರ. ಅಲ್ಲಿ ಜಲಜನಕ ಬಂಧವಿದೆ, ಮಂಜುಗಡ್ಡೆಯನ್ನು ಹಿಡಿದಿಡುವುದೇ ಅದು. ಆದರೆ ನಮ್ಮ ಚಿತ್ರದಲ್ಲಿ ಗೆರೆಯಿಲ್ಲ. ಅದನ್ನೂ ತೋರಿಸಬೇಕೆಂದು 0.4ನ್ನು 1ಕ್ಕೆ ಏರಿಸಿದರೆ ಆ ಗೆರೆ ಬರುತ್ತದೆ. ಜೊತೆಗೆ ಒಂದೇ ಅಣುವಿನ ಎರಡು ಜಲಜನಕಗಳ ನಡುವೆ, 1.52 ಅಂತರದಲ್ಲಿ, ಇಲ್ಲದ ಬಂಧವೊಂದು ಹುಟ್ಟಿಕೊಳ್ಳುತ್ತದೆ. ಒಂದು ಅಂಕಿಯನ್ನು ಬದಲಿಸಿದ ಮಾತ್ರಕ್ಕೆ ಬಂಧಗಳು ಬರುತ್ತವೆ, ಹೋಗುತ್ತವೆ. ಇದನ್ನು ತನ್ನ ಕೈಯಾರೆ ಮಾಡಿ ನೋಡಿದ ಮಗು ಪಠ್ಯಪುಸ್ತಕದ ಗೆರೆಯನ್ನು ಇನ್ನೆಂದೂ ಮೊದಲಿನಂತೆ ನೋಡಲಾರದು.

ಬಣ್ಣಗಳೂ ಹಾಗೆಯೇ. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳಿ, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ, ಕ್ಲೋರಿನ್‌ಗೆ ಹಸಿರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ 1865ರಲ್ಲಿ ಉಪನ್ಯಾಸ ಕೊಟ್ಟ ಹಾಫ್‌ಮನ್ ಎಂಬ ರಸಾಯನವಿಜ್ಞಾನಿ ಕ್ರೋಕೆ ಆಟದ ಮರದ ಚೆಂಡುಗಳಿಗೆ ಈ ಬಣ್ಣ ಹಚ್ಚಿ ಸರಳುಗಳಿಂದ ಜೋಡಿಸಿ ತೋರಿಸಿದ. ಇಂದಿನ ತಂತ್ರಾಂಶಗಳೂ ಹೆಚ್ಚುಕಡಿಮೆ ಅದೇ ಬಣ್ಣಗಳನ್ನು ಉಳಿಸಿಕೊಂಡಿವೆ. ಆಮ್ಲಜನಕದ ಪರಮಾಣು ಕೆಂಪಗಿಲ್ಲ. ಕೆಂಪು ಒಂದು ಒಪ್ಪಂದ, ಅಷ್ಟೆ. ಹಾಫ್‌ಮನ್ನನ ಮಾದರಿಗಳಲ್ಲಿ ಇನ್ನೂ ಒಂದು ವಿಶೇಷವಿತ್ತು: ಅವೆಲ್ಲ ಒಂದೇ ಸಮತಲದಲ್ಲಿ ಚಪ್ಪಟೆಯಾಗಿ ಮಲಗಿದ್ದವು. ಇಂಗಾಲದ ನಾಲ್ಕು ತೋಳುಗಳು ಆಕಾಶದಲ್ಲಿ ನಾಲ್ಕು ದಿಕ್ಕಿಗೆ ಚಾಚಿವೆ ಎಂಬುದನ್ನು ವಾಂಟ್ ಹಾಫ್ ಮತ್ತು ಲ ಬೆಲ್ 1874ರಲ್ಲಿ ಬೇರೆಬೇರೆಯಾಗಿ ಮಂಡಿಸುವವರೆಗೆ ಆ ಚಪ್ಪಟೆ ಚಿತ್ರವೇ ವಿದ್ವಾಂಸರ ಕಣ್ಣ ಮುಂದಿತ್ತು. ಸುಂದರವಾದ ಮಾದರಿಯೊಂದು ಒಳ್ಳೆಯ ರಸಾಯನವಿಜ್ಞಾನಿಗಳನ್ನೂ ಇಷ್ಟು ಕಾಲ ಹಿಡಿದಿಡಬಲ್ಲದು.

ಹೀಗೆ ಸಿದ್ಧವಾದ ದರ್ಶಕಕ್ಕೆ ಸ್ಟೈರೀನಿನ ಪಟ್ಟಿಯನ್ನು ಕೊಟ್ಟರೆ ಏನು ಕಾಣುತ್ತದೆ? 8 ಇಂಗಾಲ, 8 ಜಲಜನಕ. 16 ವೃತ್ತ, 16 ಗೆರೆ. ಆರು ಇಂಗಾಲಗಳ ಉಂಗುರ, ಅದಕ್ಕೆ ಅಂಟಿದ ಎರಡು ಇಂಗಾಲಗಳ ಬಾಲ. ಉಂಗುರದ ಇಂಗಾಲಗಳ ನಡುವೆ ಸುಮಾರು 1.4 ಆಂಗ್‌ಸ್ಟ್ರಾಮ್ ದೂರ. ಬಾಲದ ಎರಡು ಇಂಗಾಲಗಳ ನಡುವೆ ಮಾತ್ರ ಸುಮಾರು 1.34. ದೂರವನ್ನು ಅಳೆಯುವ ಎರಡು ಸಾಲುಗಳನ್ನು ಸೇರಿಸಿದರೆ ಪ್ರೋಗ್ರಾಮು ಇದನ್ನು ತಾನೇ ಹೇಳುತ್ತದೆ. ಎಲ್ಲಕ್ಕಿಂತ ಗಿಡ್ಡವಾದ ಈ ಇಂಗಾಲದ ಬಂಧವೇ ದ್ವಿಬಂಧ. ಅದು ಬಿಚ್ಚಿಕೊಂಡು ಪಕ್ಕದ ಸ್ಟೈರೀನ್ ಅಣುವನ್ನು ಹಿಡಿಯುತ್ತದೆ, ಅದು ಇನ್ನೊಂದನ್ನು. ಹೀಗೆ ಸರಪಳಿ ಬೆಳೆದು ಪಾಲಿಸ್ಟೈರೀನ್ ಆಗುತ್ತದೆ. ಟಿವಿ ಪೆಟ್ಟಿಗೆಯೊಳಗಿನ ಬಿಳಿ ಥರ್ಮೊಕೋಲ್ ಅದೇ. ಪ್ರತಿ ಕೊಂಡಿ ಬೆಸೆದಾಗಲೂ ಶಾಖ ಹೊರಬರುತ್ತದೆ. ಶಾಖ ಹೆಚ್ಚಿದರೆ ಬೆಸುಗೆ ಇನ್ನೂ ಚುರುಕಾಗುತ್ತದೆ. ಆದ್ದರಿಂದಲೇ ಸ್ಟೈರೀನನ್ನು ತಂಪಾಗಿ, ಬೆಸುಗೆಯನ್ನು ತಡೆಯುವ ಪ್ರತಿರೋಧಕವನ್ನು ಬೆರೆಸಿ ಇಡಬೇಕು. ಪರಮಾಣುಗಳನ್ನು ಎಣಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ: ಎಂಟು ಹನ್ನೆರಡಲೆ 96, ಅದಕ್ಕೆ 8 ಸೇರಿದರೆ 104. ಗಾಳಿಯ ಸರಾಸರಿ ಅಣುತೂಕ 29. ಸ್ಟೈರೀನಿನ ಆವಿ ಗಾಳಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಭಾರ; ಅದು ಮೇಲೇರಿ ಚದುರುವ ಬದಲು ನೆಲಕ್ಕೆ ಅಂಟಿಕೊಂಡು ಹರಿಯಲು ನೋಡುತ್ತದೆ.

ರಾಜ್ಯ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ 2020ರ ಜುಲೈನಲ್ಲಿ ಕೊಟ್ಟ ವರದಿ ತೊಟ್ಟಿಯ ತಾಪಮಾನದ ನಿಗಾ, ತಂಪು ಮಾಡುವ ವ್ಯವಸ್ಥೆ, ಪ್ರತಿರೋಧಕದ ಪ್ರಮಾಣ ಇವುಗಳಲ್ಲಿನ ಲೋಪಗಳನ್ನು ಪಟ್ಟಿಮಾಡಿತು. ಅಣುವಿನ ಚಿತ್ರದಲ್ಲಿ ಈ ಮೂರೂ ಇಲ್ಲ. ಅದರಲ್ಲಿ ತೊಟ್ಟಿಯಿಲ್ಲ, ಮೇ ತಿಂಗಳ ಸೆಕೆಯಿಲ್ಲ, ಕಾವಲಿನವರಿಲ್ಲ. ವೆಂಕಟಾಪುರಂನ ಜನಕ್ಕೆ ಅಣುವಿನ ಆಕಾರ ಗೊತ್ತಿದ್ದರೆ ಅವರು ಬದುಕುತ್ತಿದ್ದರು ಎಂದು ಹೇಳುವುದು ಕ್ರೌರ್ಯವಾದೀತು. ಕಾಪಾಡುವ ಹೊಣೆ ತೊಟ್ಟಿಯನ್ನು ಇಟ್ಟುಕೊಂಡವರದು, ಅವರ ಮೇಲೆ ಕಣ್ಣಿಡಬೇಕಾದವರದು. ಆದರೆ ಆ ಗಿಡ್ಡ ಬಂಧವನ್ನು ಅಳೆದು ನೋಡಿದ ಹದಿನಾರು ವರ್ಷದ ಹುಡುಗಿ ಅಂಥದೊಂದು ವರದಿಯನ್ನು ಓದುವಾಗ ‘ತಾಪಮಾನ ಎಷ್ಟಿತ್ತು? ಅಳೆಯುತ್ತಿದ್ದದ್ದು ತೊಟ್ಟಿಯ ತಳದಲ್ಲೋ ಮೇಲ್ಭಾಗದಲ್ಲೋ?’ ಎಂದು ಕೇಳುತ್ತಾಳೆ. ಹೆಸರು ಮಾತ್ರ ತಿಳಿದವರಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ. ವಿಶಾಖಪಟ್ಟಣದಂಥ ಕಾರ್ಖಾನೆಗಳ ಊರಿನಲ್ಲಿ ಬಾಳುವ ಕುಟುಂಬಗಳಿಗೆ ಇದು ಪರೀಕ್ಷೆಯ ಅಂಕಕ್ಕಿಂತ ದೊಡ್ಡ ವಿಷಯ.

ತಿರುಗಿಸುವುದರಲ್ಲಿ ಇನ್ನೂ ಒಂದು ಪಾಠವಿದೆ. ಅದಕ್ಕೂ ಈ ಎರಡು ಊರುಗಳಿಗೂ ಹಳೆಯ ನಂಟಿದೆ. ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟು, ಮೊದಲು ಪಕ್ಕಕ್ಕೂ ಆಮೇಲೆ ಮುಂದಕ್ಕೂ ಕಾಲುಸುತ್ತು ತಿರುಗಿಸಿ. ಮತ್ತೆ ಮೊದಲಿನಂತಿಟ್ಟು, ಈಗ ಮುಂದಕ್ಕೆ ಮೊದಲು, ಪಕ್ಕಕ್ಕೆ ಆಮೇಲೆ ತಿರುಗಿಸಿ. ಪುಸ್ತಕ ಎರಡು ಸಲವೂ ಒಂದೇ ರೀತಿ ಕೂರುವುದಿಲ್ಲ. ಬೆರಳಿನ ಎಳೆತವನ್ನು ಪ್ರೋಗ್ರಾಮಿಗೆ ಅಳವಡಿಸುವವರು ಈ ಕ್ರಮಭೇದವನ್ನು ಬೇಗನೆ ಎದುರಿಸುತ್ತಾರೆ. ಇನ್ನು ನೀರಿನ ಅಣುವನ್ನು ಆಮ್ಲಜನಕದ ಮೂಲಕ ಹಾದು ಎರಡು ಜಲಜನಕಗಳ ನಡುವೆ ಸಾಗುವ ಅಕ್ಷದ ಸುತ್ತ ಅರ್ಧಸುತ್ತು ತಿರುಗಿಸಿದರೆ, ತಿರುಗಿಸಿದ್ದೇ ಗೊತ್ತಾಗದಂತೆ ಚಿತ್ರ ಮೊದಲಿನಂತೆಯೇ ಇರುತ್ತದೆ. ಅಣುವನ್ನು ಹೀಗೆ ಬದಲಾಗದಂತೆ ಉಳಿಸುವ ಕ್ರಿಯೆಗಳನ್ನು ಎಣಿಸುವುದೇ ಸಮಮಿತಿಯ ಅಧ್ಯಯನ. ಏನೂ ಮಾಡದಿರುವುದನ್ನೂ ಕನ್ನಡಿಯ ಪ್ರತಿಫಲನಗಳನ್ನೂ ಸೇರಿಸಿ ಎಣಿಸಿದರೆ ನೀರಿಗೆ 4, ಅಮೋನಿಯಕ್ಕೆ 6, ಮೀಥೇನಿಗೆ 24, ಬೆಂಜೀನಿಗೂ 24. ಸಮತಲದಲ್ಲಿ ಹರಡಿಕೊಂಡ ಸ್ಟೈರೀನಿಗೆ ಎರಡೇ.

ಈ ಎಣಿಕೆಯನ್ನು ಭೌತವಿಜ್ಞಾನದ ಕೆಲಸಕ್ಕೆ ಹಚ್ಚಿದವರಲ್ಲಿ ಸೂರಿ ಭಗವಂತಂ ಪ್ರಮುಖರು. ಅವರು ಹುಟ್ಟಿದ್ದು 1909ರಲ್ಲಿ, ವಿಜಯವಾಡಕ್ಕೆ ಹತ್ತಿರದ ಆಗಿರಿಪಲ್ಲಿಯಲ್ಲಿ. ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿ, 1932ರಲ್ಲಿ ವಾಲ್ತೇರಿನ ಆಂಧ್ರ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಟಿ. ವೆಂಕಟರಾಯುಡು ಅವರೊಂದಿಗೆ 1939ರಲ್ಲಿ ಸ್ಫಟಿಕಗಳ ರಚನೆಗೂ ರಾಮನ್ ಪರಿಣಾಮಕ್ಕೂ ಇರುವ ಸಂಬಂಧವನ್ನು ಗುಂಪು ಸಿದ್ಧಾಂತದ ಮೂಲಕ ವಿವರಿಸಿದರು. ಇಬ್ಬರೂ ಸೇರಿ ಬರೆದ ‘ಥಿಯರಿ ಆಫ್ ಗ್ರೂಪ್ಸ್ ಅಂಡ್ ಇಟ್ಸ್ ಅಪ್ಲಿಕೇಶನ್ ಟು ಫಿಸಿಕಲ್ ಪ್ರಾಬ್ಲಮ್ಸ್’ ಎಂಬ ಗ್ರಂಥವನ್ನು ಆಂಧ್ರ ವಿಶ್ವವಿದ್ಯಾಲಯವೇ 1948ರಲ್ಲಿ ಪ್ರಕಟಿಸಿತು. ಮುಂದೆ 1957ರಲ್ಲಿ ಭಗವಂತಂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ನಾವು ಕರ್ನಾಟಕದಿಂದ ಬಂದು ಇಲ್ಲಿ ನೆಲೆ ಕಂಡಂತೆ, ಇಲ್ಲಿಂದ ಹೋದವರು ಅಲ್ಲಿ ನೆಲೆ ಕಂಡರು. ಅವರ ಕಾಲಕ್ಕೆ ತಿರುಗುವ ಪರದೆ ಇರಲಿಲ್ಲ. ಕಾಗದ, ಪೆನ್ಸಿಲು, ಮನಸ್ಸಿನ ಕಣ್ಣು ಮಾತ್ರ. ಇಂದು ವಿಜಯವಾಡದ ವಸತಿ ಕಾಲೇಜುಗಳಲ್ಲಿ ಮುಂಜಾನೆಯಿಂದ ರಾತ್ರಿಯವರೆಗೆ ಪ್ರವೇಶ ಪರೀಕ್ಷೆಗಾಗಿ ಓದುವ ಮಕ್ಕಳ ಜೇಬಿನಲ್ಲಿ, ರಜೆಗೆ ಮನೆಗೆ ಬಂದಾಗಲಾದರೂ, ಆ ಪರದೆ ಇರುತ್ತದೆ. ಆದರೆ ಅವರು ಸಮಮಿತಿಯನ್ನು ಸೂತ್ರವಾಗಿ ಬಾಯಿಪಾಠ ಮಾಡುತ್ತಾರೆ. ತಿರುಗಿಸಿ ನೋಡಲು ಬಿಡುವಿಲ್ಲ.

ಈಗ ಕನ್ನಡದ ಮಾತು. ವೆಕ್ಟರ್ ಚಿತ್ರದಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ. ಫೋಟೊದಲ್ಲಿರುವಂತೆ ಬಣ್ಣದ ಕಲೆಗಳಾಗುವುದಿಲ್ಲ. ಅವುಗಳನ್ನು ಹುಡುಕಬಹುದು, ನಕಲಿಸಬಹುದು. ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ‘ಇದು ಆಮ್ಲಜನಕ, ಎರಡು ಜಲಜನಕಗಳಿಗೆ ಬೆಸೆದಿದೆ’ ಎಂಬ ವಿವರಣೆಯನ್ನು ಚಿತ್ರದೊಳಗೇ ಬರೆದಿಡಬಹುದು. ಜಾವಾಸ್ಕ್ರಿಪ್ಟಿನ ಆಜ್ಞಾಪದಗಳು ಇಂಗ್ಲಿಷಿನವೇ ಆದರೂ ನಾವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲಿರಬಹುದು. ‘ತಿರುವು’, ‘ಆಳ’, ‘ಬಂಧಮಿತಿ’ ಎಂದು ಬರೆದರೆ ಬ್ರೌಸರ್ ತಕರಾರಿಲ್ಲದೆ ಒಪ್ಪುತ್ತದೆ.

ಇಲ್ಲಿನ ನಮ್ಮ ಮಕ್ಕಳಿಗೆ ತೆಲುಗು ಬೀದಿಯ ಭಾಷೆ, ಗೆಳೆತನದ ಭಾಷೆ. ಆದ್ದರಿಂದ ಒಂದು ಗುಂಡಿ ಒತ್ತಿದರೆ ಹೆಸರುಗಳು ತೆಲುಗಿಗೆ ಬದಲಾಗುವಂತೆ ಮಾಡುವುದು ಸಹಜವೂ ಸೊಗಸೂ ಆದ ಕೆಲಸ. ಯೂನಿಕೋಡಿನಲ್ಲಿ ಈ ಎರಡು ಲಿಪಿಗಳು ಅಕ್ಕಪಕ್ಕದ ಮನೆಗಳು. ತೆಲುಗಿನ ‘ಕ’ಕಾರದ ಸಂಖ್ಯೆ 3093, ಕನ್ನಡದ ‘ಕ’ಕಾರದ್ದು 3221. ಎರಡರಲ್ಲೂ ಇರುವ ಅಕ್ಷರಗಳ ನಡುವೆ ಎಲ್ಲೆಲ್ಲೂ ಇದೇ 128ರ ಅಂತರ. ಒಂದು ಕೂಡಿಕೆಯಿಂದ ಲಿಪಿ ಬದಲಾಗುತ್ತದೆ. ಪದ ಮಾತ್ರ ಬದಲಾಗುವುದಿಲ್ಲ. ತೆಲುಗಿನವರ ಉದಜನಿ ಕನ್ನಡ ಲಿಪಿಗೆ ಬಂದರೂ ಉದಜನಿಯೇ, ನಮ್ಮ ಜಲಜನಕವಾಗುವುದಿಲ್ಲ. ಅವರ ಕರ್ಬನ ನಮ್ಮಲ್ಲಿ ಇಂಗಾಲ, ಅವರ ನತ್ರಜನಿ ನಮ್ಮ ಸಾರಜನಕ. ಆಮ್ಲಜನಿಯೂ ಆಮ್ಲಜನಕವೂ ಒಡಹುಟ್ಟಿದವು. ಅಣು, ಪರಮಾಣು, ಬಂಧ ಇಬ್ಬರಿಗೂ ಒಂದೇ. ಲಿಪಿಯ ಕೆಲಸವನ್ನು ಯಂತ್ರಕ್ಕೆ ಬಿಡಬಹುದು. ಪದದ ಕೆಲಸಕ್ಕೆ ಎರಡೂ ಭಾಷೆಯನ್ನು ಬಲ್ಲವರು ಬೇಕು. ಹೊರನಾಡಿನ ಮಗುವಿಗೆ ಸಹಜವಾಗಿ ಒದಗಿದ ಈ ಸಂಪತ್ತು ಬೆಂಗಳೂರಿನ ಅನೇಕ ಮಕ್ಕಳಿಗೂ ಇಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳು ನಮಗೆ ಗೊತ್ತಿವೆ. ಮೊದಲನೆಯದು: ರಾಸ್‌ಮಾಲ್, ಜೆಮಾಲ್‌ನಂಥ ಸಮರ್ಥ ಸಾಧನಗಳಿರುವಾಗ ಮಕ್ಕಳ ಕೈಯ ಅರೆಬರೆ ಸಾಧನವೇಕೆ? ಸಾವಿರಾರು ಪರಮಾಣುಗಳ ಪ್ರೋಟೀನನ್ನು ನೋಡಲು ಅವನ್ನೇ ಬಳಸಬೇಕು, ನಿಜ. ವೃತ್ತವೊಂದಕ್ಕೆ ಒಂದು ಸಾಲಿನಂತೆ ಬರೆಯುವ ವೆಕ್ಟರ್ ಚಿತ್ರ ಅಷ್ಟು ಪರಮಾಣುಗಳನ್ನು ಹೊತ್ತು ಸರಾಗವಾಗಿ ತಿರುಗಲಾರದು. ಆದರೆ ಪೇಟೆಯಲ್ಲಿ ಉಪ್ಪಿನಕಾಯಿ ಸಿಗುತ್ತದೆಂದು ನಮ್ಮ ಮನೆಗಳಲ್ಲಿ ಮಾವಿನಮಿಡಿ ಹಾಕುವುದು ನಿಂತಿಲ್ಲ. ಮನೆಯಲ್ಲಿ ಹಾಕಿದವರಿಗೆ ಉಪ್ಪು ಎಷ್ಟಿರಬೇಕು, ಏಕಿರಬೇಕು ಎಂಬುದು ತಿಳಿಯುತ್ತದೆ. ನೀರು, ಮೀಥೇನ್, ಬೆಂಜೀನ್, ಸ್ಟೈರೀನ್‌ಗಳಿಗೆ ನೂರಿನ್ನೂರು ಸಾಲುಗಳ ಪ್ರೋಗ್ರಾಮು ಧಾರಾಳ.

ಎರಡನೆಯದು ಈ ಕಾಲದ ಆಕ್ಷೇಪ: ಇಂಥ ಪ್ರೋಗ್ರಾಮನ್ನು ಬರೆದುಕೊಡು ಎಂದರೆ ಕೃತಕ ಬುದ್ಧಿಮತ್ತೆ ಅರೆ ನಿಮಿಷದಲ್ಲಿ ಬರೆದುಕೊಡುತ್ತದಲ್ಲ? ಕೊಡಲಿ. ಆಗ ಮಗುವಿನ ಕೆಲಸ ಅದನ್ನು ಓದುವುದು. ಬಂಧಮಿತಿ ಎಷ್ಟಿಟ್ಟಿದೆ, ಆಳದ ಪ್ರಕಾರ ಸಾಲುಹಚ್ಚಿದೆಯೇ, ತಿರುವಿನ ಚಿಹ್ನೆ ಸರಿಯೇ ಎಂದು ಪರೀಕ್ಷಿಸುವುದು. ಅದಕ್ಕೆ ಬೇಕಾದ ಅಳತೆಗೋಲು ಒಮ್ಮೆಯಾದರೂ ಸ್ವತಃ ಬರೆದವರ ಬಳಿ ಮಾತ್ರ ಇರುತ್ತದೆ.

ಮೂರನೆಯದು ಹಳೆಯದು, ನೋವಿನದು: ಮುಂದೆ ಎಲ್ಲವೂ ಇಂಗ್ಲಿಷಿನಲ್ಲಿ ಇರುವಾಗ ಜಲಜನಕ, ಇಂಗಾಲ ಎಂದು ಕಲಿಸಿ ಮಕ್ಕಳಿಗೆ ಇಮ್ಮಡಿ ಹೊರೆ ಏಕೆ? ಇದೇ ಪ್ರಶ್ನೆ ಕೇಳಿಬರುತ್ತಿದ್ದ ಕಾಲದಲ್ಲೇ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದರು. ಅದು ಎರಡೇ ವರ್ಷ ನಡೆಯಿತು. 1936ರಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನು ತಂದರು. ಆಮೇಲೆ ಜೆ. ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ಯನ್ನು ಬರೆದರು. ಇವರೆಲ್ಲ ಇಂಗ್ಲಿಷ್ ಬಲ್ಲವರೇ. ಪದವೊಂದನ್ನು ತಾಯ್ನುಡಿಯಲ್ಲಿ ಹೇಳಲು ಹೊರಟಾಗ ಅದರ ಅರ್ಥದ ಒಳಹೊಕ್ಕು ನೋಡಲೇಬೇಕಾಗುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ನೀರನ್ನು ಹುಟ್ಟಿಸುವುದು ಜಲಜನಕ ಎಂದು ತಿಳಿದ ಮಗುವಿಗೆ ಹೈಡ್ರೋಜನ್ ಎಂಬ ಪದವೂ ಅದನ್ನೇ ಹೇಳುತ್ತಿದೆ ಎಂದು ಗೊತ್ತಾದಾಗ ಹೊರೆ ಹೆಚ್ಚುವುದಿಲ್ಲ. ಎರಡೂ ಪದಗಳು ಒಂದನ್ನೊಂದು ಹೊರುತ್ತವೆ.

ಹೊರನಾಡಿನಲ್ಲಿ ಕನ್ನಡ ಅಡುಗೆಮನೆ, ದೇವರಮನೆ, ಹಬ್ಬದ ವೇದಿಕೆಗಳಿಗೆ ಕುಗ್ಗುತ್ತಿದೆ ಎಂಬ ಕೊರಗು ನಮ್ಮೆಲ್ಲರದು. ಆ ಮೂರು ಜಾಗಗಳೂ ನಮಗೆ ಪ್ರಿಯವೇ. ಆದರೆ ಮಗು ತಲೆ ಕೆಡಿಸಿಕೊಂಡು ಯೋಚಿಸುವ ಹೊತ್ತಿನಲ್ಲಿ ಯಾವ ಭಾಷೆ ಅದರ ಜೊತೆಗಿರುತ್ತದೋ ಆ ಭಾಷೆ ಉಳಿಯುತ್ತದೆ. ‘ಅಯ್ಯೋ, ಇಂಗಾಲ ಹಿಂದಕ್ಕೆ ಹೋಗಬೇಕಿತ್ತು, ಮುಂದೆ ಬಂತು’ ಎಂದು ಒಂದು ಮಗು ಇನ್ನೊಂದಕ್ಕೆ ಹೇಳಿದ ಕ್ಷಣದಲ್ಲಿ 1918ರ ಆ ಪತ್ರಿಕೆಯ ಕೆಲಸ ಮುಂದುವರಿಯುತ್ತದೆ.

ನಮ್ಮ ಸಲಹೆ ಸರಳವಾದದ್ದು. ನವೆಂಬರ್ 1 ನಮಗೆ ರಾಜ್ಯೋತ್ಸವ. 1956ರ ಅದೇ ದಿನ ಆಂಧ್ರ ಪ್ರದೇಶವೂ ಹುಟ್ಟಿತು. ಆ ದಿನದ ಕಾರ್ಯಕ್ರಮದಲ್ಲಿ ಹಾಡು, ಕುಣಿತ, ಭಾಷಣಗಳ ಜೊತೆಗೆ ಒಂದು ಮೇಜು, ಎರಡು ಲ್ಯಾಪ್‌ಟಾಪು, ಎರಡು ಗಂಟೆಯ ಬಿಡುವು ಇರಲಿ. ಇಂಟರ್ ಓದುವ ಅಕ್ಕ ಎಂಟನೆಯ ತರಗತಿಯ ತಮ್ಮನಿಗೆ ಮೂರು ಸಾಲುಗಳ ನೀರಿನಿಂದ ಶುರುಮಾಡಿಸಲಿ. ನೆರೆಮನೆಯ ತೆಲುಗು ಮಕ್ಕಳನ್ನೂ ಕರೆಯಲಿ. ಹೆಸರುಪಟ್ಟಿಯ ಇನ್ನೊಂದು ಕಂಬವನ್ನು ಅವರು ತುಂಬಿಕೊಡುತ್ತಾರೆ. ಊಟದ ಹೊತ್ತಿಗೆ ಪರದೆಯ ಮೇಲೆ ಒಂದು ಅಣು ತಿರುಗುತ್ತಿದ್ದರೆ, ಅದರ ಬಂಧಮಿತಿ 0.4 ಏಕೆ, 0.5 ಏಕಾಗಬಾರದು ಎಂದು ಯಾರಾದರೂ ವಾದಿಸುತ್ತಿದ್ದರೆ, ಆ ವರ್ಷದ ಉತ್ಸವ ಸಾರ್ಥಕ.